ಪೈಥಾನ್ ಎಲ್ಲಿಯವರೆಗೆ?

ಹೊಸ ಪ್ರಾಜೆಕ್ಟ್‌ಗೆ ಯಾವ ಭಾಷೆ ಎಂಬ ಮಾತು ಈಗ ಹೆಚ್ಚು ಹೊತ್ತು ನಡೆಯುವುದಿಲ್ಲ. ಯಾರೋ ಒಬ್ಬರು ಪೈಥಾನ್ ಎನ್ನುತ್ತಾರೆ, ಉಳಿದವರು ಸರಿ ಎನ್ನುತ್ತಾರೆ, ಚರ್ಚೆ ಅಲ್ಲಿಗೆ ಮುಗಿಯುತ್ತದೆ. ಹಾಗಾಗುವುದಕ್ಕೆ ಕಾರಣಗಳೂ ಇವೆ. ಪ್ರೋಗ್ರಾಮಿಂಗ್ ಭಾಷೆಗಳ ಜನಪ್ರಿಯತೆಯನ್ನು ತಿಂಗಳಿಗೊಮ್ಮೆ ಲೆಕ್ಕ ಹಾಕುವ ಟಿಯೋಬೆ ಪಟ್ಟಿಯಲ್ಲಿ 2021ರ ಅಕ್ಟೋಬರ್‌ನಲ್ಲಿ ಪೈಥಾನ್ ಮೊದಲ ಸಲ ಒಂದನೇ ಸ್ಥಾನಕ್ಕೆ ಬಂತು. ಸಿಬಿಎಸ್‌ಇಯ ಹನ್ನೊಂದು, ಹನ್ನೆರಡನೇ ತರಗತಿಯ ಕಂಪ್ಯೂಟರ್ ಸೈನ್ಸ್ ಪಠ್ಯದಲ್ಲಿ ಸಿ ಪ್ಲಸ್ ಪ್ಲಸ್ ಇದ್ದ ಜಾಗದಲ್ಲಿ ಈಗ ಪೈಥಾನ್ ಇದೆ. ವಿಟಿಯು ವಿದ್ಯಾರ್ಥಿಗಳಿಗೂ ಅದು ಪಾಠದ ಭಾಗ. ಓದಿದರೆ ಅರ್ಥವಾಗುವ ಭಾಷೆಯೊಂದು ಮೊದಲ ಭಾಷೆಯಾಗಿ ಸಿಕ್ಕಿರುವುದು ಈಗ ಕಲಿಯುತ್ತಿರುವವರ ಭಾಗ್ಯ ಎಂದೇ ನಾನು ತಿಳಿದಿದ್ದೇನೆ. ಮೊದಲು ಕಲಿತ ಭಾಷೆಯನ್ನೇ ಎಲ್ಲ ಕೆಲಸಕ್ಕೂ ಹಚ್ಚಲು ಹೊರಟಾಗ ಮಾತ್ರ ಕಷ್ಟ ಶುರುವಾಗುತ್ತದೆ.

ಇದನ್ನು ಗಾಳಿಯಲ್ಲಿ ಚರ್ಚಿಸಿದರೆ ಪ್ರಯೋಜನವಿಲ್ಲ. ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಅಂತಿಮ ವರ್ಷದವರು ಮತ್ತೆ ಮತ್ತೆ ಆರಿಸಿಕೊಳ್ಳುವ ಒಂದು ಪ್ರಾಜೆಕ್ಟನ್ನೇ ಮುಂದಿಟ್ಟುಕೊಳ್ಳೋಣ: ಅಡಿಕೆ ತೋಟಕ್ಕೆ ತಾನಾಗಿ ನೀರು ಬಿಡುವ ವ್ಯವಸ್ಥೆ. ಮಣ್ಣಿನ ತೇವ ಅಳೆಯುವ ಸೆನ್ಸರ್ ಒಂದು. ಅದು ಕಳಿಸಿದ ಲೆಕ್ಕವನ್ನು ಕೂಡಿಡುವ ಸರ್ವರ್ ಇನ್ನೊಂದು. ತೋಟದವರ ಫೋನಿನಲ್ಲಿ ಒಂದು ಆ್ಯಪ್. ಹಿಂದಿನ ಮಳೆ ಮತ್ತು ತೇವದ ಅಂಕಿಅಂಶ ನೋಡಿ ನಾಳೆ ಎಷ್ಟು ನೀರು ಬೇಕಾದೀತು ಎಂದು ಅಂದಾಜು ಮಾಡುವ ಲೆಕ್ಕಾಚಾರ. ಪ್ರಾಜೆಕ್ಟ್ ಒಂದೇ, ಕೆಲಸ ನಾಲ್ಕು ಬಗೆ. ನಾಲ್ಕಕ್ಕೂ ಪೈಥಾನ್ ಆದೀತೇ?

ಒಂದು ಸಾಲಿನ ಒಳಗೆ

ಉತ್ತರ ಬೇಕಾದರೆ ಪೈಥಾನ್ ಒಳಗೆ ಏನು ನಡೆಯುತ್ತದೆ ಎಂದು ಒಮ್ಮೆ ನೋಡಲೇಬೇಕು. ಈ ಸಾಲನ್ನು ಗಮನಿಸಿ:

ಮೊತ್ತ = ಮೊತ್ತ + ಬೆಲೆ

ಇದು ವಿವರಣೆಗಾಗಿ ಕನ್ನಡಕ್ಕೆ ತಂದ ಸಾಲಲ್ಲ. 2008ರಲ್ಲಿ ಬಂದ ಪೈಥಾನ್ 3ರಿಂದ ಈಚೆಗೆ ವೇರಿಯಬಲ್‌ಗಳಿಗೆ ಕನ್ನಡದಲ್ಲೇ ಹೆಸರಿಡಬಹುದು, ಹಾಗಾಗಿ ಈ ಸಾಲು ಇದ್ದಂತೆಯೇ ಓಡುತ್ತದೆ. ಇದೇ ಕೆಲಸವನ್ನು ಸಿ ಭಾಷೆಯಲ್ಲಿ ಬರೆಯುವಾಗ, ಎರಡೂ ಪೂರ್ಣಾಂಕಗಳು ಎಂದು ನಾವು ಮೊದಲೇ ಹೇಳಿರುತ್ತೇವೆ. ಅದನ್ನು ನಂಬಿ ಕಂಪೈಲರ್ ಪ್ರೊಸೆಸರ್‌ಗೆ ನೇರವಾಗಿ ಕೂಡುವ ಆದೇಶ ಬರೆದಿಡುತ್ತದೆ. ಪ್ರೋಗ್ರಾಮ್ ಓಡುವಾಗ ಪ್ರಶ್ನೆಗಳೇ ಏಳುವುದಿಲ್ಲ.

ಪೈಥಾನ್‌ನಲ್ಲಿ ನಾವು ಏನನ್ನೂ ಹೇಳಿರುವುದಿಲ್ಲ, ಅದೇ ಅದರ ಸುಖ. ಆ ಸುಖದ ಬೆಲೆಯನ್ನು ಓಡುವಾಗ ಕೊಡಬೇಕಾಗುತ್ತದೆ. ನಮ್ಮ ಸಾಲು ಮೊದಲು ಬೈಟ್‌ಕೋಡ್ ಆಗುತ್ತದೆ. ಆ ಬೈಟ್‌ಕೋಡನ್ನು ಇಂಟರ್‌ಪ್ರಿಟರ್ ಎಂಬ ಇನ್ನೊಂದು ಪ್ರೋಗ್ರಾಮ್ ಒಂದೊಂದಾಗಿ ಓದುತ್ತದೆ. ನಾವೆಲ್ಲ ಸಾಮಾನ್ಯವಾಗಿ ಬಳಸುವ ಸಿಪೈಥಾನ್ ಎಂಬ ಇಂಟರ್‌ಪ್ರಿಟರ್ ಸ್ವತಃ ಸಿಯಲ್ಲಿ ಬರೆದದ್ದು. ಅದು ‘ಮೊತ್ತ’ ಎಂಬ ಹೆಸರು ಯಾವ ಆಬ್ಜೆಕ್ಟನ್ನು ತೋರಿಸುತ್ತಿದೆ ಎಂದು ಹುಡುಕುತ್ತದೆ. ಅದು ಸಂಖ್ಯೆಯೋ, ಪಠ್ಯವೋ, ಪಟ್ಟಿಯೋ ಎಂದು ನೋಡುತ್ತದೆ. ಆ ಬಗೆಯ ಆಬ್ಜೆಕ್ಟ್‌ಗೆ ಕೂಡುವುದು ಎಂದರೇನು ಎಂದು ವಿಚಾರಿಸುತ್ತದೆ. ಉತ್ತರ ಇಡಲು ಮೆಮೊರಿಯಲ್ಲಿ ಹೊಸ ಆಬ್ಜೆಕ್ಟ್ ಮಾಡುತ್ತದೆ. ಪ್ರತಿ ಆಬ್ಜೆಕ್ಟನ್ನು ಎಷ್ಟು ಕಡೆಯಿಂದ ಬಳಸಲಾಗುತ್ತಿದೆ ಎಂಬ ಲೆಕ್ಕ ಅದರ ಜೊತೆಗೇ ಇರುತ್ತದೆ. ಹಳೆಯ ಮೊತ್ತದ ಲೆಕ್ಕ ಸೊನ್ನೆಗೆ ಇಳಿದರೆ ಆ ಜಾಗವನ್ನು ಬಿಡಿಸಿಕೊಳ್ಳುತ್ತದೆ. ಕೋಟಿ ಸಲ ಸುತ್ತುವ ಲೂಪ್ ಇದ್ದರೆ ಇಷ್ಟೆಲ್ಲ ಕೋಟಿ ಸಲ ನಡೆಯಬೇಕು. ಸಾಮಾನ್ಯ ಲ್ಯಾಪ್‌ಟಾಪ್‌ನಲ್ಲಿ ಇದಕ್ಕೆ ಸುಮಾರು ಅರ್ಧದಿಂದ ಒಂದು ಸೆಕೆಂಡ್ ಹಿಡಿಯುತ್ತದೆ. ಸಿಯಲ್ಲಿ ಬರೆದದ್ದು ಕೆಲವೇ ಮಿಲಿಸೆಕೆಂಡ್‌ಗಳಲ್ಲಿ ಮುಗಿಯುತ್ತದೆ.

ಮೆಮೊರಿಯ ಕತೆಯೂ ಇದೇ. ಸಿಯಲ್ಲಿ ನಾಲ್ಕು ಅಥವಾ ಎಂಟು ಬೈಟ್‌ನಲ್ಲಿ ಕೂರುವ ಪೂರ್ಣಾಂಕಕ್ಕೆ 64 ಬಿಟ್ ಕಂಪ್ಯೂಟರ್‌ನ ಸಿಪೈಥಾನ್‌ನಲ್ಲಿ 28 ಬೈಟ್ ಬೇಕು. ಸಂಖ್ಯೆಯ ಜೊತೆ ಅದರ ಬಗೆ, ಬಳಕೆಯ ಲೆಕ್ಕ ಎಲ್ಲವೂ ಸೇರಿ ಇಷ್ಟಾಗುತ್ತದೆ.

ಇದು ಯಾರದೋ ಅಜಾಗರೂಕತೆಯಿಂದ ಆದದ್ದಲ್ಲ, ತಿಳಿದೇ ಮಾಡಿದ ಆಯ್ಕೆ. ಆಮ್‌ಸ್ಟರ್‌ಡ್ಯಾಮ್‌ನ ಸಿಡಬ್ಲ್ಯುಐ ಸಂಶೋಧನಾ ಸಂಸ್ಥೆಯಲ್ಲಿದ್ದ ಗೀಡೊ ವಾನ್ ರಾಸಮ್ 1989ರ ಡಿಸೆಂಬರ್‌ನಲ್ಲಿ ಪೈಥಾನನ್ನು ಬರೆಯಲು ಕೂತಾಗ, ಸಿಯಲ್ಲಿ ಬರೆದರೆ ತೀರಾ ಉದ್ದವಾಗುವ, ಶೆಲ್ ಸ್ಕ್ರಿಪ್ಟ್‌ನಲ್ಲಿ ಬರೆದರೆ ಕೈಗೆಟುಕದ ಕೆಲಸಗಳಿಗೆ ನಡುವಿನ ಒಂದು ಭಾಷೆ ಬೇಕಾಗಿತ್ತು. 1991ರಲ್ಲಿ ಮೊದಲ ಆವೃತ್ತಿ ಹೊರಬಂತು. ಯಂತ್ರದ ಸಮಯಕ್ಕಿಂತ ಬರೆಯುವವರ ಸಮಯ ದುಬಾರಿ ಎಂಬುದು ಅದರ ಹಿಂದಿನ ಲೆಕ್ಕ. ಆ ಲೆಕ್ಕ ಸರಿಹೊಂದುವ ಕೆಲಸಗಳು ಲೋಕದಲ್ಲಿ ಬಹಳ ಇವೆ. ಹೊಂದದ ಕೆಲಸಗಳೂ ಇವೆ. ವೇಗ ಹೆಚ್ಚಿಸುವ ಪ್ರಯತ್ನವೂ ನಿಂತಿಲ್ಲ. 2022ರಲ್ಲಿ ಬಂದ 3.11ನೇ ಆವೃತ್ತಿ ಅದರ ಹಿಂದಿನದಕ್ಕಿಂತ ಸರಾಸರಿ ಕಾಲುಭಾಗದಷ್ಟು ಚುರುಕಾಗಿತ್ತು. ಆದರೂ ಮೇಲೆ ಹೇಳಿದ ಅಂತರದ ಮುಂದೆ ಕಾಲುಭಾಗ ಸಣ್ಣದು.

ಲೆಕ್ಕಾಚಾರಕ್ಕೆ ಪೈಥಾನ್, ಕಣ್ಣುಮುಚ್ಚಿ

ಇಷ್ಟು ನಿಧಾನದ ಭಾಷೆ ಕೃತಕ ಬುದ್ಧಿಮತ್ತೆಯಂಥ ಭಾರೀ ಲೆಕ್ಕದ ಕ್ಷೇತ್ರವನ್ನು ಆಳುತ್ತಿರುವುದು ಹೇಗೆ? ಆ ಲೆಕ್ಕವನ್ನು ಪೈಥಾನ್ ಮಾಡುವುದೇ ಇಲ್ಲ. ನಂಪೈ ಎಂಬ ಲೈಬ್ರರಿಯನ್ನು ತೆಗೆದುಕೊಳ್ಳಿ. ಹತ್ತು ಲಕ್ಷ ಸಂಖ್ಯೆಗಳನ್ನು ಪೈಥಾನ್ ಪಟ್ಟಿಯಲ್ಲಿಟ್ಟರೆ, ಸಂಖ್ಯೆಗಳಿಗೆ 28 ಬೈಟ್ ಮತ್ತು ಅವುಗಳ ವಿಳಾಸಗಳಿಗೆ 8 ಬೈಟ್‌ನಂತೆ ಹೆಚ್ಚುಕಡಿಮೆ 36 ಮೆಗಾಬೈಟ್ ಆಗುತ್ತದೆ. ನಂಪೈ ಅವನ್ನೇ ಒಂದರ ಪಕ್ಕ ಒಂದು ಸಾಲಾಗಿ 8 ಮೆಗಾಬೈಟ್‌ನಲ್ಲಿ ಇಡುತ್ತದೆ. ಎಲ್ಲವೂ ಒಂದೇ ಬಗೆಯವು ಎಂದು ಗೊತ್ತಿರುವುದರಿಂದ ಪ್ರತಿ ಸಂಖ್ಯೆಗೂ ವಿಚಾರಣೆ ಬೇಡ. ‘ಇವನ್ನೆಲ್ಲ ಕೂಡು’ ಎಂದು ಪೈಥಾನ್ ಒಮ್ಮೆ ಹೇಳುತ್ತದೆ, ಒಳಗಿನ ಸಿ ಕೋಡ್ ಒಂದೇ ಉಸಿರಿನಲ್ಲಿ ಕೂಡಿ ಮುಗಿಸುತ್ತದೆ. ಕಾಳನ್ನು ಒಂದೊಂದಾಗಿ ಎಣಿಸಿ ಕೊಡುವ ಬದಲು ಮೂಟೆಯನ್ನೇ ಎತ್ತಿಕೊಟ್ಟ ಹಾಗೆ. ಕೃತಕ ಬುದ್ಧಿಮತ್ತೆಗೆ ಬಳಸುವ ಪೈಟಾರ್ಚ್ ಲೈಬ್ರರಿ ಕೂಡ ಹೀಗೆಯೇ: ಹೊರಗೆ ಪೈಥಾನ್, ಒಳಗೆ ಸಿ ಪ್ಲಸ್ ಪ್ಲಸ್, ಅದಕ್ಕೂ ಒಳಗೆ ಗ್ರಾಫಿಕ್ಸ್ ಪ್ರೊಸೆಸರ್‌ನ ಕುಡಾ (CUDA) ಕೋಡ್. 2019ರಲ್ಲಿ ಜಗತ್ತು ಬೆರಗಾಗಿ ನೋಡಿದ ಕಪ್ಪುಕುಳಿಯ ಮೊದಲ ಚಿತ್ರವನ್ನು ರೂಪಿಸಿದ ಈವೆಂಟ್ ಹೊರೈಜನ್ ಟೆಲಿಸ್ಕೋಪ್ ತಂಡವೂ ನಂಪೈಯಂಥ ಪೈಥಾನ್ ಲೈಬ್ರರಿಗಳನ್ನು ಬಳಸಿಕೊಂಡಿತ್ತು.

ಹಾಗಾಗಿ ನಮ್ಮ ತೋಟದ ನಾಲ್ಕನೇ ಕೆಲಸ, ಮಳೆ ಮತ್ತು ತೇವದ ಅಂದಾಜು, ಪೈಥಾನ್‌ಗೆ ಸಲ್ಲಬೇಕು. ಅದರಲ್ಲಿ ಎರಡು ಮಾತಿಲ್ಲ. ಅಂಕಿಅಂಶ ತಿದ್ದುವುದು, ಗ್ರಾಫ್ ಬಿಡಿಸಿ ನೋಡುವುದು, ಊಹೆ ತಪ್ಪಾದರೆ ಹತ್ತು ಸಾಲು ಅಳಿಸಿ ಮತ್ತೆ ಬರೆಯುವುದು ಇವೆಲ್ಲ ಇಲ್ಲಿ ಆಗುವಷ್ಟು ಸಲೀಸಾಗಿ ಬೇರೆಡೆ ಆಗುವುದಿಲ್ಲ. ಹಳೆಯ ದಾಖಲೆಗಳಲ್ಲಿ ಅಂಕಿಗಳು ಕನ್ನಡದಲ್ಲಿದ್ದರೂ ತೊಂದರೆಯಿಲ್ಲ. ‘೨೫’ ಎಂಬ ಪಠ್ಯವನ್ನು ಪೂರ್ಣಾಂಕ ಮಾಡಿಕೊಡು ಎಂದರೆ ಪೈಥಾನ್ ಮರುಮಾತಿಲ್ಲದೆ ಇಪ್ಪತ್ತೈದು ಎಂದು ಕೊಡುತ್ತದೆ. ಇದೇ ಹೊತ್ತಿಗೆ ಒಂದು ಎಚ್ಚರಿಕೆಯನ್ನೂ ಹೇಳಬೇಕು. ವಿಂಡೋಸ್‌ನಲ್ಲಿ ಫೈಲ್ ತೆರೆಯುವಾಗ ಯುಟಿಎಫ್-8 ಎಂದು ಸ್ಪಷ್ಟವಾಗಿ ನಮೂದಿಸದಿದ್ದರೆ ಪೈಥಾನ್ ಆ ಕಂಪ್ಯೂಟರ್‌ನ ಹಳೆಯ ಎನ್‌ಕೋಡಿಂಗ್ ಹಿಡಿದುಕೊಳ್ಳುತ್ತದೆ. ಆಗ ಊರಿನ ಹೆಸರುಗಳೆಲ್ಲ ಕಲಸಿಹೋಗುತ್ತವೆ, ಇಲ್ಲವೇ ಪ್ರೋಗ್ರಾಮ್ ನಿಂತೇಬಿಡುತ್ತದೆ. ಕನ್ನಡದ ದತ್ತಾಂಶದೊಂದಿಗೆ ಕೆಲಸ ಮಾಡುವ ಪ್ರತಿಯೊಬ್ಬರೂ ಇದನ್ನು ಮೊದಲ ದಿನವೇ ಅಭ್ಯಾಸ ಮಾಡಿಕೊಳ್ಳಬೇಕು.

ಮೂಟೆ ಕಟ್ಟಲು ಬಾರದ ಲೆಕ್ಕಗಳೂ ಇವೆ. ಪ್ರತಿ ಹೆಜ್ಜೆಯೂ ಹಿಂದಿನ ಹೆಜ್ಜೆಯ ಉತ್ತರವನ್ನು ಅವಲಂಬಿಸಿದ್ದರೆ, ನಡುನಡುವೆ ‘ಹೀಗಾದರೆ ಹಾಗೆ’ ಎಂಬ ಕವಲುಗಳಿದ್ದರೆ ನಂಪೈ ಕೈಕಟ್ಟಿ ಕೂರುತ್ತದೆ. ಕಂಪ್ಯೂಟರ್ ಆಟಗಳ ಎಂಜಿನ್ ಅಂಥದ್ದು. ಸೆಕೆಂಡಿಗೆ ಅರವತ್ತು ಚಿತ್ರ ಬೇಕಾದರೆ ಒಂದು ಚಿತ್ರಕ್ಕೆ ಸಿಗುವುದು ಸುಮಾರು 16 ಮಿಲಿಸೆಕೆಂಡ್. ಅಷ್ಟರಲ್ಲಿ ಸಾವಿರಾರು ವಸ್ತುಗಳ ಚಲನೆ, ಢಿಕ್ಕಿ, ಬೆಳಕು ಎಲ್ಲ ಮುಗಿಯಬೇಕು. 2005ರ ಸಿವಿಲೈಜೇಶನ್ 4 ಆಟದಲ್ಲಿ ಎಂಜಿನ್ ಸಿ ಪ್ಲಸ್ ಪ್ಲಸ್‌ನಲ್ಲಿತ್ತು, ಆಟದ ಸನ್ನಿವೇಶಗಳನ್ನು ಬದಲಿಸುವ ಸ್ಕ್ರಿಪ್ಟ್‌ಗಳು ಪೈಥಾನ್‌ನಲ್ಲಿದ್ದವು. ಆ ಹಂಚಿಕೆಯಲ್ಲಿ ಜಾಣತನವಿದೆ.

ಸರ್ವರ್: ಕಾಯುವ ಕೆಲಸ

ಸರ್ವರ್ ಮಾಡುವುದು ಬಹುಪಾಲು ಕಾಯುವ ಕೆಲಸ. ಸೆನ್ಸರ್‌ನಿಂದ ಒಂದು ಅಂಕಿ ಬರುತ್ತದೆ, ಅದನ್ನು ಡೇಟಾಬೇಸ್‌ಗೆ ಬರೆಯಬೇಕು, ಡೇಟಾಬೇಸ್ ಆಯಿತು ಎನ್ನುವವರೆಗೆ ಕೂರಬೇಕು. ಈ ಕಾಯುವಿಕೆ ಮಿಲಿಸೆಕೆಂಡ್‌ಗಳಲ್ಲಿರುತ್ತದೆ. ಪೈಥಾನ್‌ನ ವಿಚಾರಣೆಗೆ ತಗಲುವುದು ಮೈಕ್ರೊಸೆಕೆಂಡ್‌ಗಳು. ಕೋಡನ್ನು ಸಿಯಲ್ಲಿ ಬರೆದರೂ ಡೇಟಾಬೇಸ್ ಬೇಗ ಉತ್ತರ ಕೊಡುವುದಿಲ್ಲ. ಇನ್‌ಸ್ಟಾಗ್ರಾಮ್‌ನಂಥ ದೈತ್ಯ ಸೇವೆ ಪೈಥಾನ್‌ನ ಜ್ಯಾಂಗೊ ಎಂಬ ವೆಬ್ ಚೌಕಟ್ಟಿನ ಮೇಲೆ ಬೆಳೆದದ್ದು ಇದರಿಂದಲೇ ಸಾಧ್ಯವಾಯಿತು. ಐವತ್ತು ತೋಟಗಳ ಸರ್ವರ್‌ಗೆ ಪೈಥಾನ್ ಸಾಲದು ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಬಳಕೆ ಬೆಳೆದಂತೆ ಎರಡು ತೊಡಕು ಎದುರಾಗುತ್ತವೆ. ಒಂದು, ಜಿಐಎಲ್ ಎಂಬ ಬೀಗ. ಒಂದು ಪೈಥಾನ್ ಪ್ರಕ್ರಿಯೆಯಲ್ಲಿ ಎಷ್ಟೇ ಥ್ರೆಡ್‌ಗಳಿದ್ದರೂ ಒಂದು ಗಳಿಗೆಯಲ್ಲಿ ಒಂದೇ ಥ್ರೆಡ್ ಬೈಟ್‌ಕೋಡ್ ಓಡಿಸಬಹುದು. ಆಬ್ಜೆಕ್ಟ್‌ಗಳ ಬಳಕೆಯ ಲೆಕ್ಕವನ್ನು ಇಬ್ಬರು ಒಟ್ಟಿಗೆ ತಿದ್ದಿ ಕೆಡಿಸಬಾರದು ಎಂದು ಇಟ್ಟ ಕಟ್ಟುಪಾಡು ಇದು. ಎಂಟು ಕೋರ್‌ನ ಪ್ರೊಸೆಸರ್ ತಂದರೂ ಲೆಕ್ಕದ ಕೆಲಸಕ್ಕೆ ಒಂದು ಪ್ರಕ್ರಿಯೆಯಿಂದ ಒಂದೇ ಕೋರ್ ದುಡಿಯುತ್ತದೆ. ಅದಕ್ಕೇ ಸರ್ವರ್‌ಗಳಲ್ಲಿ ಹಲವು ಪ್ರಕ್ರಿಯೆಗಳನ್ನು ಓಡಿಸುತ್ತಾರೆ, ಮೆಮೊರಿ ಹೆಚ್ಚು ಹಿಡಿಯುತ್ತದೆ. ಸ್ಯಾಮ್ ಗ್ರಾಸ್ ಅವರ ಪ್ರಸ್ತಾವದಂತೆ ಬೀಗವಿಲ್ಲದ ಪೈಥಾನ್ 2024ರ 3.13ರಲ್ಲಿ ಪ್ರಯೋಗವಾಗಿ ಬಂತು, 2025ರ 3.14ರಲ್ಲಿ ಅಧಿಕೃತ ಬೆಂಬಲ ಪಡೆಯಿತು. ಅದಿನ್ನೂ ಬೇಕಾದವರು ಬೇರೆಯಾಗಿ ಹಾಕಿಕೊಳ್ಳಬೇಕಾದ ಆವೃತ್ತಿ.

ಎರಡನೆಯದು ವೇಗಕ್ಕೆ ಸಂಬಂಧಿಸಿದ್ದಲ್ಲ, ನನ್ನ ದೃಷ್ಟಿಯಲ್ಲಿ ವೇಗಕ್ಕಿಂತ ಮುಖ್ಯವಾದದ್ದು. ‘ಮೊತ್ತ’ದಲ್ಲಿ ನೂರು ಎಂಬ ಸಂಖ್ಯೆಯ ಬದಲು ನೂರು ಎಂದು ಬರೆದ ಪಠ್ಯ ಬಂದು ಕೂತಿದ್ದರೆ ಪೈಥಾನ್ ಮುಂಚಿತವಾಗಿ ಏನೂ ಹೇಳುವುದಿಲ್ಲ. ಆ ಸಾಲು ಓಡಿದಾಗಲೇ ತಪ್ಪು ಹೊರಬೀಳುತ್ತದೆ. ಆ ಸಾಲು ವರ್ಷಕ್ಕೊಮ್ಮೆ, ಮಾರ್ಚ್ 31ರ ರಾತ್ರಿ ಮಾತ್ರ ಓಡುವಂಥದ್ದಾದರೆ ಆ ರಾತ್ರಿಯೇ ಗೊತ್ತಾಗುತ್ತದೆ. ಇನ್ನೂರು ಸಾಲಿನ ಕೋಡ್‌ನಲ್ಲಿ ಇದು ದೊಡ್ಡದಲ್ಲ. ಬರೆದವರು ಕೆಲಸ ಬಿಟ್ಟುಹೋಗಿ, ಬಂದವರು ತಿದ್ದಿ, ಲಕ್ಷಾಂತರ ಸಾಲಾದಾಗ ಯಾವ ಫಂಕ್ಷನ್‌ಗೆ ಏನು ಕೊಡಬೇಕು ಎಂಬುದೇ ಯಾರಿಗೂ ತಿಳಿಯದ ಸ್ಥಿತಿ ಬರುತ್ತದೆ. ಡ್ರಾಪ್‌ಬಾಕ್ಸ್ ಈ ಸ್ಥಿತಿಗೆ ಬಂದಾಗ ಮೈಪೈ ಎಂಬ ತಪಾಸಣಾ ಸಾಧನವನ್ನು ಬೆಳೆಸಿತು. ಆಗ ಅಲ್ಲಿ ಕೆಲಸ ಮಾಡುತ್ತಿದ್ದ ವಾನ್ ರಾಸಮ್ ಅವರೇ ಅದರಲ್ಲಿ ಕೈಜೋಡಿಸಿದ್ದರು. 2019ರ ಹೊತ್ತಿಗೆ ನಲವತ್ತು ಲಕ್ಷ ಸಾಲುಗಳಿಗೆ ಬಗೆಯ ಸೂಚನೆಗಳನ್ನು ಸೇರಿಸಿದ್ದರು. ಜಾವಾ ಅಥವಾ ಗೊ ಭಾಷೆಯಲ್ಲಿ ಈ ಕಾವಲು ಮೊದಲ ಸಾಲಿನಿಂದಲೇ ಇರುತ್ತದೆ. ಅದೇ ಡ್ರಾಪ್‌ಬಾಕ್ಸ್, ಬಳಕೆದಾರರ ಕಂಪ್ಯೂಟರ್‌ನಲ್ಲಿ ಫೈಲ್‌ಗಳನ್ನು ಹೊಂದಿಸುವ ತನ್ನ ಮೂಲ ಎಂಜಿನ್ನನ್ನು ಪೈಥಾನ್‌ನಿಂದ ತೆಗೆದು ರಸ್ಟ್ ಭಾಷೆಯಲ್ಲಿ ಹೊಸದಾಗಿ ಬರೆದು 2020ರಲ್ಲಿ ಅದರ ವಿವರ ಪ್ರಕಟಿಸಿತು. ಉಳಿದ ಕಡೆ ಪೈಥಾನ್ ಇದ್ದೇ ಇತ್ತು.

ಮಣ್ಣಿನಲ್ಲಿ ಹೂತ ಸೆನ್ಸರ್

ಕಾಲೇಜಿನ ಲ್ಯಾಬ್‌ಗಳಲ್ಲಿ ಸಿಗುವ ಆರ್ಡುಯಿನೊ ಊನೊ ಬೋರ್ಡ್‌ನಲ್ಲಿರುವ ಚಿಪ್‌ಗೆ 2 ಕಿಲೋಬೈಟ್ ಮೆಮೊರಿ. ಒಂದು ಪೂರ್ಣಾಂಕಕ್ಕೆ 28 ಬೈಟ್ ಎಂಬ ಲೆಕ್ಕ ಹಿಡಿದರೆ 73 ಸಂಖ್ಯೆಗಳಿಗೆ ಅದು ತುಂಬಿಹೋಗುತ್ತದೆ, ಇಂಟರ್‌ಪ್ರಿಟರ್‌ಗೆ ಜಾಗವೇ ಇಲ್ಲ. ಇಲ್ಲಿ ಸಿ ಅಥವಾ ಸಿ ಪ್ಲಸ್ ಪ್ಲಸ್ ಬಿಟ್ಟರೆ ದಾರಿಯಿಲ್ಲ. ಸ್ವಲ್ಪ ದೊಡ್ಡದಾದ ಇಎಸ್‌ಪಿ32 ಅಥವಾ ರಾಸ್ಪ್‌ಬೆರಿ ಪೈ ಪಿಕೊ ತಂದರೆ ಡೇಮಿಯನ್ ಜಾರ್ಜ್ ರೂಪಿಸಿದ ಮೈಕ್ರೊಪೈಥಾನ್ ಓಡುತ್ತದೆ. ಪಿಕೊದಲ್ಲಿ 264 ಕಿಲೋಬೈಟ್ ಮೆಮೊರಿ ಇದೆ, ಮೈಕ್ರೊಪೈಥಾನ್‌ಗೆ 16 ಕಿಲೋಬೈಟ್ ಇದ್ದರೂ ಸಾಕು. ಮೇಜಿನ ಮೇಲೆ ಸೆನ್ಸರ್ ಜೋಡಿಸಿ, ಒಂದೊಂದೇ ಸಾಲು ಟೈಪ್ ಮಾಡಿ, ನೀರು ಹಾಕಿದಾಗ ಅಂಕಿ ಏರುವುದನ್ನು ಆಗಲೇ ನೋಡಲು ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ.

ತೋಟಕ್ಕೆ ಒಯ್ದಾಗ ಲೆಕ್ಕ ಬದಲಾಗುತ್ತದೆ. ಅಲ್ಲಿ ಬ್ಯಾಟರಿ ತಿಂಗಳುಗಟ್ಟಲೆ ಬರಬೇಕು. ಅದಕ್ಕಾಗಿ ಚಿಪ್ಪನ್ನು ಗಾಢ ನಿದ್ರೆಗೆ ತಳ್ಳಿ, ಅರ್ಧ ಗಂಟೆಗೊಮ್ಮೆ ಎಬ್ಬಿಸಿ, ಅಳೆದು, ಕಳಿಸಿ ಮತ್ತೆ ಮಲಗಿಸುತ್ತಾರೆ. ಇಎಸ್‌ಪಿ32 ಪ್ರತಿ ಸಲ ಎದ್ದಾಗ ಮೊದಲಿನಿಂದ ಶುರುವಾಗುತ್ತದೆ. ಸಿಯಲ್ಲಿ ಬರೆದದ್ದು ನೇರ ಕೆಲಸಕ್ಕಿಳಿಯುತ್ತದೆ. ಮೈಕ್ರೊಪೈಥಾನ್ ಇದ್ದರೆ ಮೊದಲು ಇಂಟರ್‌ಪ್ರಿಟರ್ ಸಜ್ಜಾಗಿ, ಸ್ಕ್ರಿಪ್ಟ್ ಓದಿ, ಆಮೇಲೆ ಕೆಲಸ. ದಿನಕ್ಕೆ 48 ಸಲ ಎದ್ದಾಗ ಈ ಹೆಚ್ಚುವರಿ ಎಚ್ಚರದ ಹೊತ್ತೆಲ್ಲ ಬ್ಯಾಟರಿಯಿಂದಲೇ ಹೋಗುತ್ತದೆ. ಪರೀಕ್ಷೆಗೆ ಮೈಕ್ರೊಪೈಥಾನ್, ತೋಟಕ್ಕೆ ಸಿ ಎಂಬುದು ನನ್ನ ಸಲಹೆ.

ನೀರಿನ ವಾಲ್ವ್ ಒಂದು ಸೆಕೆಂಡ್ ತಡವಾಗಿ ಮುಚ್ಚಿದರೆ ಏನೂ ಆಗುವುದಿಲ್ಲ. ಕಾರಿನ ಬ್ರೇಕ್ ವಿಷಯ ಹಾಗಲ್ಲ. ಅಲ್ಲಿ ಸರಾಸರಿ ವೇಗ ಎಷ್ಟು ಎಂಬುದಕ್ಕಿಂತ, ಅತಿ ಕೆಟ್ಟ ಗಳಿಗೆಯಲ್ಲಿ ಎಷ್ಟು ತಡವಾದೀತು ಎಂಬುದನ್ನು ಮೊದಲೇ ಹೇಳಬಲ್ಲಿರಾ ಎಂಬುದು ಪ್ರಶ್ನೆ. ಮೆಮೊರಿ ಶುಚಿ ಮಾಡಲು ತನಗೆ ಬೇಕಾದಾಗ ನಿಲ್ಲುವ ಭಾಷೆ ಆ ಭರವಸೆ ಕೊಡಲಾರದು. ವಾಹನ ಕ್ಷೇತ್ರ 1998ರಿಂದ ಮಿಸ್ರಾ ಸಿ ಎಂಬ ಕಟ್ಟುನಿಟ್ಟಿನ ನಿಯಮಾವಳಿಯೊಂದಿಗೆ ಸಿಯನ್ನೇ ನೆಚ್ಚಿಕೊಂಡಿರುವುದು ಹಳೆಯದರ ಮೋಹದಿಂದಲ್ಲ.

2021ರ ಏಪ್ರಿಲ್ 19ರಂದು ಮಂಗಳನ ಮೇಲೆ ಹಾರಿದ ಇಂಜೆನ್ಯೂಯಿಟಿ ಹೆಲಿಕಾಪ್ಟರ್ ಇದಕ್ಕೆ ಒಳ್ಳೆಯ ಉದಾಹರಣೆ. ನಾಸಾದ ಜೆಪಿಎಲ್ ಅದಕ್ಕೆ ಬಳಸಿದ ಎಫ್ ಪ್ರೈಮ್ ಎಂಬ ಮುಕ್ತ ತಂತ್ರಾಂಶದಲ್ಲಿ, ಹಾರುವ ಯಂತ್ರದೊಳಗೆ ಓಡುವ ಭಾಗ ಸಿ ಪ್ಲಸ್ ಪ್ಲಸ್‌ನಲ್ಲಿದೆ. ನೆಲದ ಮೇಲೆ ಕೂತು ಆದೇಶ ಕಳಿಸುವ, ಬಂದ ಅಂಕಿಗಳನ್ನು ನೋಡುವ, ಪರೀಕ್ಷಿಸುವ ಸಾಧನಗಳು ಪೈಥಾನ್‌ನಲ್ಲಿವೆ. ತಪ್ಪಿದರೆ ಮತ್ತೆ ಓಡಿಸಬಹುದಾದ ಕಡೆ ಪೈಥಾನ್, ಮತ್ತೆ ಅವಕಾಶವೇ ಇಲ್ಲದ ಕಡೆ ಸಿ ಪ್ಲಸ್ ಪ್ಲಸ್.

ಬೇರೆಯವರ ಕೈಯಲ್ಲಿರುವ ಯಂತ್ರ

ಸರ್ವರ್ ನಮ್ಮದು, ಅದರಲ್ಲಿ ಏನು ಬೇಕಾದರೂ ಹಾಕಿಕೊಳ್ಳಬಹುದು. ಫೋನ್ ಬಳಸುವವರದ್ದು. ಆಂಡ್ರಾಯ್ಡ್‌ಗೆ ಕಾಟ್ಲಿನ್, ಐಫೋನ್‌ಗೆ ಸ್ವಿಫ್ಟ್, ಎರಡಕ್ಕೂ ಒಂದೇ ಸಲ ಬರೆಯಬೇಕಾದರೆ ಫ್ಲಟರ್ ಇವು ಆ ಯಂತ್ರಗಳಿಗೆಂದೇ ಬೆಳೆದವು. ಪೈಥಾನ್‌ನಲ್ಲಿ ಆ್ಯಪ್ ಮಾಡಲು ಕಿವಿ (Kivy), ಬೀವೇರ್ ಎಂಬ ಸಾಧನಗಳಿವೆ, ಆದರೆ ಆ್ಯಪ್‌ನ ಜೊತೆ ಇಂಟರ್‌ಪ್ರಿಟರ್ ಕೂಡ ಹೊರೆಯಾಗಿ ಹೋಗುತ್ತದೆ. ಬ್ರೌಸರ್‌ನಲ್ಲಿ ಜಾವಾಸ್ಕ್ರಿಪ್ಟ್‌ನದೇ ರಾಜ್ಯ. ಪೈಯೊಡೈಡ್ ಮೂಲಕ ಪೈಥಾನನ್ನು ಬ್ರೌಸರ್ ಒಳಗೇ ಓಡಿಸಬಹುದು. ಪಾಠ ಕಲಿಸುವ ಪುಟಗಳಿಗೆ ಅದು ವರದಾನ. ತೋಟದ ಅಂಚಿನಲ್ಲಿ ನೆಟ್‌ವರ್ಕ್ ಹುಡುಕುತ್ತ ನಿಂತವರ ಫೋನಿಗೆ ಬರೇ ತೇವದ ಅಂಕಿ ತೋರಿಸಲು ಅಷ್ಟು ಮೆಗಾಬೈಟ್ ಇಳಿಸುವುದು ನ್ಯಾಯವಲ್ಲ.

ಊರಿನ ಸಹಕಾರ ಸಂಘದ ಹಳೆಯ ವಿಂಡೋಸ್ ಕಂಪ್ಯೂಟರ್‌ಗೆ ಒಂದು ಸಣ್ಣ ಪ್ರೋಗ್ರಾಮ್ ಕೊಡಬೇಕಾದಾಗಲೂ ಇದೇ ಪಾಡು. ಪೈಥಾನ್, ಅದರ ಸರಿಯಾದ ಆವೃತ್ತಿ, ಬೇಕಾದ ಲೈಬ್ರರಿಗಳು ಎಲ್ಲ ಅಲ್ಲಿರಬೇಕು. ಪೈಇನ್‌ಸ್ಟಾಲರ್ ಎಲ್ಲವನ್ನೂ ಒಂದೇ ಕಡತವಾಗಿ ಕಟ್ಟಿಕೊಡುತ್ತದೆ, ಆದರೆ ಅದು ದಪ್ಪವಾಗುತ್ತದೆ, ಕೆಲವು ಆ್ಯಂಟಿವೈರಸ್‌ಗಳು ಅದನ್ನು ಅನುಮಾನದಿಂದ ನೋಡುತ್ತವೆ. ಗೊ ಭಾಷೆಯಲ್ಲಿ ಬರೆದರೆ ಬೇರೇನನ್ನೂ ಬೇಡದ ಒಂದೇ ಫೈಲ್ ಸಿಗುತ್ತದೆ, ನಕಲು ಮಾಡಿ ಓಡಿಸಿದರೆ ಮುಗಿಯಿತು.

ಹಾಗಾದರೆ ಐದು ಜನರ ತಂಡ ನಾಲ್ಕು ಭಾಷೆ ಕಲಿಯಬೇಕೇ? ಬೇಡ. ಪ್ರತಿ ಹೊಸ ಭಾಷೆಯೂ ಒಂದು ಖರ್ಚು, ಆರು ತಿಂಗಳ ಬಳಿಕ ಅದನ್ನು ತಿದ್ದಲು ಬಲ್ಲವರು ಬೇಕು. ತಂಡದ ಎಲ್ಲರಿಗೂ ಪೈಥಾನ್ ಗೊತ್ತು ಎಂಬುದು ಪೈಥಾನ್ ಆರಿಸಲು ಗಟ್ಟಿಯಾದ ಕಾರಣವೇ ಹೌದು. ಈ ಪ್ರಾಜೆಕ್ಟ್‌ಗೆ ಎರಡು ಸಾಕು: ಸೆನ್ಸರ್‌ಗೆ ಸಿ, ಸರ್ವರ್ ಮತ್ತು ಲೆಕ್ಕಾಚಾರಕ್ಕೆ ಪೈಥಾನ್. ಆ್ಯಪ್ ಬದಲು ಸರ್ವರ್‌ನಿಂದಲೇ ಬರುವ ಹಗುರವಾದ ವೆಬ್ ಪುಟ ಕೊಟ್ಟರೆ ಮೂರನೆಯದರ ಹೊರೆ ತಪ್ಪುತ್ತದೆ.

ಭಾಷಾಭಿಮಾನ ಇಲ್ಲಿ ಅಡ್ಡ ಬರಬಾರದು ಎಂಬುದಕ್ಕೆ ಈಚಿನ ಒಂದು ನಿದರ್ಶನ ನನಗೆ ಬಹಳ ಇಷ್ಟ. ಆಂಡರ್ಸ್ ಹೈಲ್ಸ್‌ಬರ್ಗ್ ಟರ್ಬೊ ಪ್ಯಾಸ್ಕಲ್ ಬರೆದವರು, ಸಿ ಶಾರ್ಪ್ ರೂಪಿಸಿದವರು, ಮೈಕ್ರೊಸಾಫ್ಟ್‌ನ ಟೈಪ್‌ಸ್ಕ್ರಿಪ್ಟ್‌ನ ಹಿಂದೆಯೂ ಅವರೇ. ಟೈಪ್‌ಸ್ಕ್ರಿಪ್ಟ್‌ನ ಕಂಪೈಲರ್ ಟೈಪ್‌ಸ್ಕ್ರಿಪ್ಟ್‌ನಲ್ಲೇ ಇತ್ತು, ದೊಡ್ಡ ಪ್ರಾಜೆಕ್ಟ್‌ಗಳಲ್ಲಿ ಅದು ಏಗಲಾರದಾಯಿತು. 2025ರ ಮಾರ್ಚ್‌ನಲ್ಲಿ ಅವರು ಅದನ್ನು ಗೊ ಭಾಷೆಗೆ ಒಯ್ಯುತ್ತಿರುವುದಾಗಿ ಪ್ರಕಟಿಸಿದರು. ಗೊ ಹುಟ್ಟಿದ್ದು ಪ್ರತಿಸ್ಪರ್ಧಿ ಗೂಗಲ್‌ನಲ್ಲಿ. ತಾವೇ ಕಟ್ಟಿದ ಸಿ ಶಾರ್ಪ್ ಕೈಯಲ್ಲಿದ್ದೂ ಅದನ್ನು ಬಿಟ್ಟರು. ಹಳೆಯ ಕೋಡಿನ ರಚನೆ ಗೊ ಶೈಲಿಗೆ ಹತ್ತಿರವಿತ್ತು, ಹಾಗಾಗಿ ಫೈಲಿಗೆ ಫೈಲಿನಂತೆ ಒಯ್ಯಬಹುದಿತ್ತು. ಹದಿನೈದು ಲಕ್ಷ ಸಾಲಿನ ವಿಎಸ್ ಕೋಡ್‌ನ ತಪಾಸಣೆಗೆ ಹಿಂದೆ 77.8 ಸೆಕೆಂಡ್ ಹಿಡಿಯುತ್ತಿದ್ದದ್ದು 7.5 ಸೆಕೆಂಡ್‌ಗೆ ಇಳಿಯಿತು.

ಈಗಾಗಲೇ ಪೈಥಾನ್‌ನಲ್ಲಿ ಬರೆದದ್ದು ನಿಧಾನ ಎನಿಸಿದರೆ ಎಲ್ಲವನ್ನೂ ಬೇರೆ ಭಾಷೆಯಲ್ಲಿ ಬರೆಯಲು ಹೊರಡುವ ಮುನ್ನ ಅಳೆಯಬೇಕು. ಪೈಥಾನ್ ಜೊತೆಗೇ ಬರುವ ಸಿಪ್ರೊಫೈಲ್ ಯಾವ ಫಂಕ್ಷನ್ ಎಷ್ಟು ಹೊತ್ತು ತಿಂದಿತು ಎಂದು ಪಟ್ಟಿ ಮಾಡಿಕೊಡುತ್ತದೆ. ಬಹಳ ಸಲ ಕಾಣುವುದು ಡೇಟಾಬೇಸ್‌ಗೆ ಲೂಪ್‌ನೊಳಗಿಂದ ಸಾವಿರ ಸಲ ಹೋಗಿಬರುವ ಒಂದು ಫಂಕ್ಷನ್. ಅದನ್ನು ಒಂದೇ ಸಲದ ಪ್ರಶ್ನೆಯಾಗಿ ಬದಲಿಸಿದರೆ ಭಾಷೆಯ ಮಾತೇ ಬರುವುದಿಲ್ಲ. ನಿಜಕ್ಕೂ ಲೆಕ್ಕದ ಲೂಪ್ ಇದ್ದರೆ ನಂಪೈ ಅಥವಾ ಲೂಪನ್ನು ಯಂತ್ರದ ಆದೇಶಗಳಾಗಿ ಬದಲಿಸುವ ನಂಬಾ ಪ್ರಯತ್ನಿಸಬೇಕು. ಆಗಲೂ ಆಗದಿದ್ದರೆ ಆ ಒಂದು ತುಣುಕನ್ನು, ಪೈಥಾನ್‌ನಂಥ ಕೋಡನ್ನು ಸಿಗೆ ಇಳಿಸುವ ಸೈಥಾನ್‌ಗೋ ರಸ್ಟ್‌ಗೋ ಒಯ್ದು, ಪೈಥಾನ್‌ನಿಂದ ಕರೆಯಬಹುದು. ದತ್ತಾಂಶ ಸರಿಯಿದೆಯೇ ಎಂದು ನೋಡುವ ಪೈಡ್ಯಾಂಟಿಕ್ ಲೈಬ್ರರಿ 2023ರ ಎರಡನೇ ಆವೃತ್ತಿಯಲ್ಲಿ ಹೀಗೆಯೇ ಮಾಡಿತು. ತಿರುಳನ್ನು ರಸ್ಟ್‌ನಲ್ಲಿ ಬರೆದು, ಬಳಸುವವರಿಗೆ ಕಾಣುವ ಮೈಯನ್ನು ಪೈಥಾನ್‌ನಲ್ಲೇ ಉಳಿಸಿಕೊಂಡಿತು.